ಒಂದನೆಯ ಸಂಖ್ಯೆಯ ಹೊಣೆ

ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯ ಇಮೇಜಿನಿಂದ ಕಂಟೇನರೊಂದನ್ನು ತೆರೆದು, ದೂರದ ಯಂತ್ರಗಳಿಗೆ ಸುರಕ್ಷಿತ ಪ್ರವೇಶವನ್ನು ಒದಗಿಸುವ ಓಪನ್‌ಎಸ್‌ಎಸ್‌ಎಚ್ ಸರ್ವರಿನ ಪ್ಯಾಕೇಜನ್ನು ಅದರಲ್ಲಿ ಸ್ಥಾಪಿಸಿದರೆ, ಕಡತಗಳೆಲ್ಲವೂ ತಮ್ಮ ತಮ್ಮ ಸ್ಥಾನಗಳನ್ನು ಸೇರುತ್ತವೆ, ಬಳಕೆದಾರರ ಪಟ್ಟಿಯಲ್ಲಿ ಆ ಸೇವೆಗೆಂದೇ ಮೀಸಲಾದ ಹೊಸ ಹೆಸರೊಂದು ಕಾಣಿಸಿಕೊಳ್ಳುತ್ತದೆ, ಗೂಢಲಿಪಿಯ ಕೀಲಿಗಳು ಸೃಷ್ಟಿಯಾಗುತ್ತವೆ, ಸ್ಥಾಪನೆಯ ಕಾರ್ಯವು ಯಾವ ದೋಷವನ್ನೂ ಸಾರದೆ ಮುಗಿಯುತ್ತದೆ. ಸೇವೆ ಮಾತ್ರ ಆರಂಭವಾಗುವುದಿಲ್ಲ. ಸೇವೆಗಳನ್ನು ನಡೆಸತಕ್ಕ ಸಿಸ್ಟಮ್‌ಸಿಟಿಎಲ್ ಎಂಬ ಆದೇಶವು ಇಮೇಜಿನಲ್ಲಿ ಇದ್ದು, ಅದನ್ನು ಕರೆದು ಸರ್ವರನ್ನು ಎಬ್ಬಿಸೆಂದು ಕೇಳಿದರೆ, ಈ ವ್ಯವಸ್ಥೆಯು ಸಿಸ್ಟಮ್‌ಡಿಯನ್ನು ಒಂದನೆಯ ಪ್ರೋಸೆಸ್ಸಾಗಿ ಇಟ್ಟುಕೊಂಡು ಎದ್ದುದಲ್ಲ, ಆದಕಾರಣ ತನ್ನಿಂದ ಏನೂ ಸಾಗದು ಎಂಬರ್ಥದ ಉತ್ತರ ಬರುತ್ತದೆ. ಆ ಮಧ್ಯವರ್ತಿಯನ್ನು ಬಿಟ್ಟು ಸರ್ವರಿನ ಪ್ರೋಗ್ರಾಮನ್ನೇ ನೇರವಾಗಿ ಕರೆದರೆ, ಅನೇಕ ಆವೃತ್ತಿಗಳಲ್ಲಿ, 'ರನ್' ಡೈರೆಕ್ಟರಿಯೊಳಗೆ ತನಗಾಗಿ ಇರಬೇಕಾದ 'ಎಸ್‌ಎಸ್‌ಎಚ್‌ಡಿ' ಎಂಬ ಉಪಡೈರೆಕ್ಟರಿ ಇಲ್ಲವೆಂದು ಹೇಳಿ ಅದು ಅಲ್ಲಿಯೇ ನಿಂತುಬಿಡುತ್ತದೆ.

ಇಲ್ಲಿ ಪ್ಯಾಕೇಜು ಕೆಟ್ಟಿಲ್ಲ, ಕಂಟೇನರೂ ಕೆಟ್ಟಿಲ್ಲ. ಇವೆರಡರ ನಡುವೆ ಇರಬೇಕಾಗಿದ್ದ ಮೂರನೆಯದೊಂದು ಇಲ್ಲವಾಗಿದೆ. ಅದು ಇದ್ದಷ್ಟು ಕಾಲ ಅದರ ಇರವನ್ನು ಯಾರೂ ಗಮನಿಸಿರಲಿಲ್ಲವಾದುದರಿಂದ, ಅದು ಏನೇನನ್ನು ಮಾಡುತ್ತಿತ್ತೆಂಬುದನ್ನು ಅದು ಹೋದ ಮೇಲೆ ಒಂದೊಂದಾಗಿ ಕಂಡುಕೊಳ್ಳಬೇಕಾದ ಸಂದರ್ಭವು ಕಳೆದ ದಶಕದ ಎಂಜಿನಿಯರುಗಳಿಗೆ ಒದಗಿಬಂದಿತು. ಅದರ ಹೆಸರು ಇನಿಟ್.

ಯೂನಿಕ್ಸ್ ಪರಂಪರೆಯ ಯಾವ ಯಂತ್ರದಲ್ಲಿಯೇ ಆಗಲಿ, ಕರ್ನೆಲ್ಲು ತಾನು ಎಚ್ಚೆತ್ತ ಬಳಿಕ ಬಳಕೆದಾರರ ಲೋಕದಲ್ಲಿ ತನ್ನ ಕೈಯಾರೆ ಆರಂಭಿಸುವುದು ಒಂದೇ ಒಂದು ಪ್ರೋಸೆಸ್ಸನ್ನು. ಅದಕ್ಕೆ ಒಂದು ಎಂಬ ಸಂಖ್ಯೆ. ಮಿಕ್ಕ ಪ್ರೋಸೆಸ್ಸುಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು, ಅವರ ಸಂತತಿ. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರು ರೂಪಿಸಿದ ಈ ವಂಶವೃಕ್ಷದ ಕಲ್ಪನೆ ಇಂದಿಗೂ ಮೂಲತಃ ಬದಲಾಗಿಲ್ಲ. ಬದಲಾದುದು ಮೂಲಸ್ಥಾನದಲ್ಲಿ ಕುಳಿತ ಪ್ರೋಗ್ರಾಮು. ಸಿಸ್ಟಮ್ ಫೈವ್ ಯೂನಿಕ್ಸಿನ ಕಾಲದಲ್ಲಿ ಅದು ಷೆಲ್ ಸ್ಕ್ರಿಪ್ಟುಗಳನ್ನು ಒಂದಾದ ಮೇಲೊಂದರಂತೆ ಓಡಿಸುವ ಸರಳ ಕಾರ್ಯಕರ್ತನಾಗಿತ್ತು. 2006ರಲ್ಲಿ ಉಬುಂಟು ವ್ಯವಸ್ಥೆಗೆ ಅಪ್‌ಸ್ಟಾರ್ಟ್ ಬಂದಿತು. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಅವರು ಸಿಸ್ಟಮ್‌ಡಿಯನ್ನು ಪ್ರಕಟಿಸಿದರು. ಮರುವರ್ಷವೇ ಫೆಡೋರಾ ಅದನ್ನು ಸ್ವೀಕರಿಸಿತು. ದೀರ್ಘವೂ ಕಟುವೂ ಆದ ವಾದವಿವಾದದ ನಂತರ 2014ರ ಫೆಬ್ರವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯೂ ಅದರ ಪರವಾಗಿ ನಿರ್ಣಯವನ್ನು ಕೊಟ್ಟಿತು. ಆ ವಿವಾದದ ನ್ಯಾಯಾನ್ಯಾಯಗಳು ನಮಗಿಲ್ಲಿ ಬೇಡ. ನಮಗೆ ಬೇಕಾದ ಅಂಶವಿಷ್ಟೆ: ಸೇವೆಗಳನ್ನು ಎಬ್ಬಿಸುವುದು, ಬಿದ್ದುದನ್ನು ಮತ್ತೆ ಎತ್ತಿ ನಿಲ್ಲಿಸುವುದು, ಅವುಗಳಿಗೆ ಬೇಕಾದ ಡೈರೆಕ್ಟರಿಗಳನ್ನು ಮೊದಲೇ ಸಿದ್ಧಪಡಿಸುವುದು, ಅವುಗಳ ಮಾತನ್ನೆಲ್ಲ ದಾಖಲೆಯಲ್ಲಿ ಬರೆದಿಡುವುದು, ಯಂತ್ರ ಮುಚ್ಚುವಾಗ ಪ್ರತಿಯೊಂದನ್ನೂ ಅದರದರ ರೀತಿಗೆ ಅನುಗುಣವಾಗಿ ನಿಲ್ಲಿಸುವುದು, ಇವೆಲ್ಲ ಕ್ರಮಕ್ರಮವಾಗಿ ಒಂದನೆಯ ಸಂಖ್ಯೆಯ ಕೈಗೆ ಬಂದು ಸೇರಿದವು.

ಸರಿಯಾಗಿ ಇದೇ ಕಾಲದಲ್ಲಿ, ಇದಕ್ಕೆ ಪ್ರತಿಮುಖವಾದ ಇನ್ನೊಂದು ಪ್ರವಾಹವೂ ಬೆಳೆಯುತ್ತಿತ್ತು. ಒಂದು ಪ್ರೋಸೆಸ್ಸಿಗೆ ಕಾಣುವ ಕಡತಲೋಕವನ್ನು ಕತ್ತರಿಸಿ ಕಿರಿದುಮಾಡುವ ಸಿಎಚ್‌ರೂಟ್ ಎಂಬ ಸೌಕರ್ಯವು 1979ರ ಏಳನೆಯ ಆವೃತ್ತಿಯ ಯೂನಿಕ್ಸಿನಲ್ಲಿಯೇ ಉಂಟು. 2000ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯು ಜೈಲ್ ಎಂಬ ಹೆಸರಿನಿಂದ ಆ ವಿಚಾರವನ್ನು ಮುಂದಕ್ಕೊಯ್ದಿತು. 2008ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.6.24ರಲ್ಲಿ, ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಆರಂಭಿಸಿದ್ದ ಸಿಗ್ರೂಪ್ ಎಂಬ ಸಂಪನ್ಮೂಲ ನಿಯಂತ್ರಣವೂ, ಪ್ರೋಸೆಸ್ಸುಗಳ ಗುಂಪಿಗೆ ತನ್ನದೇ ಆದ ಪ್ರತ್ಯೇಕ ಸಂಖ್ಯಾವಳಿಯನ್ನು ಕೊಡುವ ನೇಮ್‌ಸ್ಪೇಸ್ ಎಂಬ ಏರ್ಪಾಡೂ ಒಟ್ಟಿಗೆ ಸೇರಿಕೊಂಡವು. ಈ ಉಪಕರಣಗಳನ್ನು ಸಾಮಾನ್ಯ ಪ್ರೋಗ್ರಾಮರನ ಕೈಗೆ ಎಟುಕುವಂತೆ ಜೋಡಿಸಿ, 2013ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಕೆಲವೇ ನಿಮಿಷಗಳ ಭಾಷಣದ ಮೂಲಕ ಸಾಲೊಮನ್ ಹೈಕ್ಸ್ ಅವರು ಲೋಕದ ಮುಂದಿಟ್ಟ ಡಾಕರ್, ಕಂಟೇನರನ್ನು ಮನೆಮಾತಾಗಿಸಿತು. ಡಾಕರಿನ ತತ್ತ್ವ ಸಂಕ್ಷಿಪ್ತವಾದುದು: ಒಂದು ಕಂಟೇನರಿಗೆ ಒಂದು ಕೆಲಸ. ಒಂದೇ ಪ್ರೋಗ್ರಾಮನ್ನು ಓಡಿಸುವುದಕ್ಕೆ ಇಡಿಯ ಯಂತ್ರವನ್ನು ಆಳತಕ್ಕ ಇನಿಟ್ ಏಕೆ ಬೇಕು? ಆ ಪ್ರೋಗ್ರಾಮನ್ನೇ ಒಂದನೆಯ ಸಂಖ್ಯೆಯ ಪೀಠದಲ್ಲಿ ಕೂರಿಸಿದರೆ ಸಾಕಲ್ಲವೆ? ತರ್ಕ ಸರಿಯಾಗಿಯೇ ಇದೆ. ಆದರೆ ಪೀಠದೊಂದಿಗೆ ಬರುವ ಹೊಣೆಗಳ ಲೆಕ್ಕವು ಆ ತರ್ಕದಲ್ಲಿ ಸೇರಿರಲಿಲ್ಲ.

ಹೊಣೆಗಳಲ್ಲಿ ಮೊದಲನೆಯ ವರ್ಗವು ಪ್ಯಾಕೇಜಿನ ಸ್ಥಾಪನೆಯ ಕಾಲಕ್ಕೇ ಎದುರಾಗುತ್ತದೆ. ಪ್ಯಾಕೇಜೆಂದರೆ ಕಡತಗಳ ಗಂಟು ಮಾತ್ರವೆಂದು ಭಾವಿಸುವವರು ಬಹಳ ಮಂದಿ. ಮದುವೆಯ ಮನೆಗೆ ಪರಸ್ಥಳದಿಂದ ಬಂದ ಅಡುಗೆಯವರು ಸೌಟು ಜಾಲರಗಳನ್ನು ತಾವು ತಂದರೂ, ಒಲೆ, ಸೌದೆ, ನೀರು, ಕೊಪ್ಪರಿಗೆಗಳನ್ನು ಮನೆಯವರು ಅಣಿಮಾಡಿರುತ್ತಾರೆಂಬ ನಂಬಿಕೆಯಿಂದಲೇ ಹೊರಡುವಂತೆ, ಪ್ಯಾಕೇಜು ಕೂಡ ತಾನು ಇಳಿಯುವ ನೆಲದ ವಿಷಯದಲ್ಲಿ ಹಲವು ನಂಬಿಕೆಗಳನ್ನಿಟ್ಟುಕೊಂಡೇ ಬರುತ್ತದೆ. ಡೆಬಿಯನ್ನಿನ ಪ್ಯಾಕೇಜೊಂದರ ಒಡಲಲ್ಲಿ ನಾಲ್ಕು ಸ್ಕ್ರಿಪ್ಟುಗಳಿರಬಹುದು: ಸ್ಥಾಪನೆಗೆ ಮುಂಚೆ ನಡೆಯತಕ್ಕದ್ದು, ಅನಂತರ ನಡೆಯತಕ್ಕದ್ದು, ತೆಗೆಯುವ ಮುಂಚೆ ನಡೆಯತಕ್ಕದ್ದು, ತೆಗೆದ ಮೇಲೆ ನಡೆಯತಕ್ಕದ್ದು. ಸ್ಥಾಪನಾನಂತರದ ಸ್ಕ್ರಿಪ್ಟು ಬಳಕೆದಾರರನ್ನು ಸೃಷ್ಟಿಸುತ್ತದೆ, ಡೈರೆಕ್ಟರಿಗಳ ಒಡೆತನವನ್ನು ನಿಗದಿಮಾಡುತ್ತದೆ, ಮತ್ತು ಡೆಬಿಯನ್ನಿನ ಸಂಪ್ರದಾಯಕ್ಕೆ ಅನುಗುಣವಾಗಿ ಸೇವೆಯನ್ನು ಆ ಕ್ಷಣವೇ ಆರಂಭಿಸಲು ಯತ್ನಿಸುತ್ತದೆ. ಆರಂಭಿಸುವ ಮುನ್ನ ಅದು 'ಪಾಲಿಸಿ-ಆರ್‌ಸಿ.ಡಿ' ಎಂಬ ಸಣ್ಣ ಪ್ರೋಗ್ರಾಮು ಇದೆಯೆ ಎಂದು ನೋಡಿ, ಇದ್ದಲ್ಲಿ ಅದರ ಅನುಮತಿಯನ್ನು ಬೇಡುತ್ತದೆ. ಅಧಿಕೃತ ಡೆಬಿಯನ್ ಕಂಟೇನರ್ ಇಮೇಜಿನಲ್ಲಿ ಈ ಪ್ರೋಗ್ರಾಮನ್ನು ಮುಂಚಿತವಾಗಿಯೇ ಇಟ್ಟಿದ್ದಾರೆ. ಅದು ಏನು ಕೇಳಿದರೂ 101 ಎಂಬ ಸಂಖ್ಯೆಯೊಂದಿಗೆ ನಿರ್ಗಮಿಸುತ್ತದೆ. ಆ ಸಂಖ್ಯೆಗೆ, ಈ ಕ್ರಿಯೆ ಇಲ್ಲಿ ನಿಷಿದ್ಧ ಎಂದು ಅರ್ಥ. ಸ್ಕ್ರಿಪ್ಟು ಅದನ್ನು ವಿನಯದಿಂದ ಒಪ್ಪಿಕೊಂಡು, ಸೇವೆಯನ್ನು ಎಬ್ಬಿಸದೆಯೇ, ಯಶಸ್ಸಿನ ವರದಿಯನ್ನು ಕೊಟ್ಟು ಮುಗಿಸುತ್ತದೆ. ನಾವು ಪ್ರಾರಂಭದಲ್ಲಿ ಕಂಡ ವಿಚಿತ್ರದ ಪೂರ್ವಾರ್ಧಕ್ಕೆ ಕಾರಣ ಇದೇ. ಇದು ದೋಷವಲ್ಲ, ವಿವೇಕದಿಂದ ಮಾಡಿದ ಏರ್ಪಾಡು. ಇಮೇಜನ್ನು ಕಟ್ಟುವ ಕಾಲದಲ್ಲಿ ಸೇವೆಯೊಂದು ಎದ್ದು ಕುಳಿತರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಇಮೇಜನ್ನು ಕಟ್ಟುವ ಕಾಲ, ಕಂಟೇನರು ಓಡುವ ಕಾಲ: ಈ ಎರಡರ ಭೇದವನ್ನು ವಾಚಕರು ಸ್ವಲ್ಪ ನಿಂತು ಪರಿಶೀಲಿಸಬೇಕೆಂದು ಬೇಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವ ಅಪಾಯವು ಇಲ್ಲಿಯೇ ಅಡಗಿದೆ. ಸಾಮಾನ್ಯ ಯಂತ್ರದಲ್ಲಿ ಪ್ಯಾಕೇಜನ್ನು ಸ್ಥಾಪಿಸುವುದೂ ಅದನ್ನು ಬಳಸುವುದೂ ಒಂದೇ ಯಂತ್ರದಲ್ಲಿ, ಒಂದೇ ಆಯುಷ್ಯದೊಳಗೆ ನಡೆಯುವ ಕ್ರಿಯೆಗಳು. ಕಂಟೇನರಿನಲ್ಲಿ ಹಾಗಲ್ಲ. ಸ್ಥಾಪನೆ ನಡೆಯುವುದು ಇಮೇಜು ಸಿದ್ಧವಾಗುವಾಗ, ಒಮ್ಮೆ. ಆ ಇಮೇಜಿನಿಂದ ಮುಂದೆ ನೂರು ಕಂಟೇನರುಗಳು ಏಳಬಹುದು, ಸಾವಿರವೂ ಏಳಬಹುದು. ಓಪನ್‌ಎಸ್‌ಎಸ್‌ಎಚ್ ಸರ್ವರಿನ ಡೆಬಿಯನ್ ಪ್ಯಾಕೇಜು ತನ್ನ ಸ್ಥಾಪನಾನಂತರದ ಸ್ಕ್ರಿಪ್ಟಿನಲ್ಲಿ ಆತಿಥೇಯ ಯಂತ್ರದ ಗುರುತಿನ ಕೀಲಿಗಳನ್ನು ಸೃಷ್ಟಿಸುತ್ತದೆಯೆಂದು ಹೇಳಿದೆನಷ್ಟೆ. ಆ ಕೀಲಿಗಳು ಪ್ರತಿಯೊಂದು ಯಂತ್ರಕ್ಕೂ ಅನನ್ಯವಾಗಿರಬೇಕು. ಸಂಪರ್ಕಿಸುವವನು ತಾನು ಮಾತನಾಡುತ್ತಿರುವುದು ಇಂಥ ಯಂತ್ರದೊಡನೆಯೇ ಎಂದು ನಂಬುವುದು ಅವುಗಳ ಬಲದಿಂದ. ಇಮೇಜು ಕಟ್ಟುವಾಗ ಸೃಷ್ಟಿಯಾದ ಕೀಲಿಯಾದರೋ ಇಮೇಜಿನ ಪದರಗಳೊಳಗೆ ಅಚ್ಚಾಗಿ ನಿಂತು, ಅದರಿಂದ ಎದ್ದ ಪ್ರತಿಯೊಂದು ಕಂಟೇನರಿಗೂ ಒಂದೇ ಗುರುತನ್ನು ಕೊಡುತ್ತದೆ. ಇಮೇಜನ್ನು ಸಾರ್ವಜನಿಕವಾಗಿ ಹಂಚಿದ್ದರಂತೂ ಆ ರಹಸ್ಯದ ಕೀಲಿ ಇಳಿಸಿಕೊಂಡವರೆಲ್ಲರ ಕೈಯಲ್ಲಿಯೂ ಇರುತ್ತದೆ. ಅನಂತರದ ಪದರದಲ್ಲಿ ಅದನ್ನು ಅಳಿಸಿದರೂ ಕೆಳಗಿನ ಪದರದಲ್ಲಿ ಅದು ಉಳಿದೇ ಇರುತ್ತದೆ. ಸ್ವಯಂಸಹಿಯ ಪ್ರಮಾಣಪತ್ರವನ್ನು ಸ್ಥಾಪನೆಯ ಸಮಯದಲ್ಲಿ ತಯಾರಿಸುವ 'ಎಸ್‌ಎಸ್‌ಎಲ್-ಸರ್ಟ್' ಪ್ಯಾಕೇಜಿನದೂ ಇದೇ ಕಥೆ. ಯಾವ ಎಚ್ಚರಿಕೆಯ ಸಂದೇಶವೂ ಇಲ್ಲಿ ಬರುವುದಿಲ್ಲ; ಎಲ್ಲವೂ ಸರಿಯಾಗಿ ನಡೆಯುತ್ತಿರುವಂತೆಯೇ ಕಾಣುತ್ತದೆ. ಹಾಗೆ ಕಾಣುವುದರಿಂದಲೇ ಇದು ಸೇವೆ ಏಳದಿರುವ ತೊಂದರೆಗಿಂತ ಘೋರವಾದುದು.

ಫೆಡೋರಾ ಇದನ್ನು ಬೇರೆಯ ರೀತಿಯಲ್ಲಿ ನಿರ್ವಹಿಸುತ್ತದೆ. ಅಲ್ಲಿ ಕೀಲಿಗಳನ್ನು ಸೃಷ್ಟಿಸುವುದು ಸ್ಥಾಪನೆಯ ಸ್ಕ್ರಿಪ್ಟಲ್ಲ, ಸರ್ವರು ಮೊದಲ ಬಾರಿ ಏಳುವ ಮುನ್ನ ಸಿಸ್ಟಮ್‌ಡಿಯು ಓಡಿಸುವ ಪ್ರತ್ಯೇಕವಾದೊಂದು ಸೇವೆ. ಹಂಚಿಕೆಯ ಅಪಾಯ ಇಲ್ಲಿಲ್ಲ. ಆದರೆ ಸಿಸ್ಟಮ್‌ಡಿಯೇ ಇಲ್ಲದ ಕಂಟೇನರಿನಲ್ಲಿ ಕೀಲಿಗಳೇ ಹುಟ್ಟದೆ, ಆತಿಥೇಯನ ಕೀಲಿಗಳು ಯಾವುವೂ ಇಲ್ಲವೆಂದು ಹೇಳಿ ಸರ್ವರು ನಿರ್ಗಮಿಸುತ್ತದೆ. ಎರಡು ಪದ್ಧತಿಗಳಲ್ಲಿ ಯಾವುದು ಮೇಲೆಂದು ಕೇಳಿದರೆ, ಮೌನವಾಗಿ ತಪ್ಪುವುದಕ್ಕಿಂತ ಕೂಗಿ ನಿಲ್ಲುವುದು ಮೇಲೆಂದು ಹೇಳುತ್ತೇನೆ. ಇನ್ನು ಆಲ್ಪೈನ್ ವ್ಯವಸ್ಥೆಯಾದರೋ ಈ ಪ್ರಶ್ನೆಯನ್ನು ಬೇರಿನಲ್ಲಿಯೇ ವಿಂಗಡಿಸಿದೆ: ಅದರ ಪ್ಯಾಕೇಜುಗಳು ಸೇವೆಯನ್ನು ಎಬ್ಬಿಸುವ ಸ್ಕ್ರಿಪ್ಟನ್ನು ಪ್ರತ್ಯೇಕವಾದ ಉಪಪ್ಯಾಕೇಜಿನಲ್ಲಿಟ್ಟು, ಓಪನ್‌ಆರ್‌ಸಿ ಎಂಬ ಅದರ ಇನಿಟ್ ವ್ಯವಸ್ಥೆ ಇದ್ದಲ್ಲಿ ಮಾತ್ರ ತಾನಾಗಿ ಬರುವಂತೆ ಮಾಡಿವೆ. ಆಲ್ಪೈನ್ ಇಮೇಜು ಕಂಟೇನರುಗಳ ಲೋಕದಲ್ಲಿ ಅಷ್ಟು ಪ್ರಿಯವಾದುದು ಅದರ ಗಾತ್ರ ಕಿರಿದೆಂಬುದಕ್ಕೆ ಮಾತ್ರವಲ್ಲ, ಸೇವೆ ಬೇರೆ, ಸೇವೆಯನ್ನು ಎಬ್ಬಿಸುವವನು ಬೇರೆ ಎಂಬ ವಿವೇಕವನ್ನು ಅದು ಪ್ಯಾಕೇಜಿನ ರಚನೆಯಲ್ಲಿಯೇ ಇಟ್ಟುಕೊಂಡಿರುವುದಕ್ಕೂ ಹೌದೆಂದು ನನ್ನ ಭಾವನೆ.

ಹಾಗಾದರೆ ಇನಿಟ್ ಇಲ್ಲದಲ್ಲಿ ಪ್ಯಾಕೇಜೊಂದನ್ನು ಓಡಿಸಬೇಕಾದವನು ಏನು ಮಾಡಬೇಕು? ಅವನಿಗೆ ದಾರಿತೋರಿಸುವ ದಾಖಲೆಯೊಂದು ಪ್ಯಾಕೇಜಿನಲ್ಲಿಯೇ ಇದೆ. ಅದು ಸಿಸ್ಟಮ್‌ಡಿಯ ಯೂನಿಟ್ ಕಡತ. ಕಂಟೇನರಿನಲ್ಲಿ ಅದನ್ನು ಓದುವ ಯಂತ್ರವಿಲ್ಲವೆಂಬ ಕಾರಣದಿಂದ ಬಹುಮಂದಿ ಅದನ್ನು ತೆರೆದೂ ನೋಡುವುದಿಲ್ಲ. ಆದರೆ ಯಂತ್ರ ಓದದುದನ್ನು ಮನುಷ್ಯನು ಓದಬಹುದಷ್ಟೆ. ಸೇವೆ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯಬೇಕು, ಅದಕ್ಕೆ ಯಾವ ಪರಿಸರ ಚಲಕಗಳನ್ನು ಯಾವ ಕಡತದಿಂದ ಕೊಡಬೇಕು, ಎಷ್ಟು ಕಡತಗಳನ್ನು ಏಕಕಾಲಕ್ಕೆ ತೆರೆದಿಡಲು ಅದಕ್ಕೆ ಅನುಮತಿಯಿರಬೇಕು, 'ರನ್' ಡೈರೆಕ್ಟರಿಯಲ್ಲಿ ಅದಕ್ಕಾಗಿ ಏನನ್ನು ನಿರ್ಮಿಸಬೇಕು, ಇವೆಲ್ಲ ಅಲ್ಲಿ ಸ್ಪಷ್ಟವಾಗಿ ಬರೆದಿವೆ. 'ರನ್' ಡೈರೆಕ್ಟರಿಯು ಯಂತ್ರ ಎದ್ದಾಗಲೆಲ್ಲ ಬರಿದಾಗಿಯೇ ಏಳುವ ಸ್ಥಳವಾದುದರಿಂದ, ಅದರಲ್ಲಿನ ಉಪಡೈರೆಕ್ಟರಿಗಳನ್ನು ಕಡತಗಳ ಗಂಟಿನಲ್ಲಿ ಕಟ್ಟಿ ಕಳುಹಿಸುವಂತಿಲ್ಲ. ಪ್ರತಿ ಸಲವೂ ಅವನ್ನು ಮಾಡಿಕೊಡುವವರು ಬೇಕು. ಓಪನ್‌ಎಸ್‌ಎಸ್‌ಎಚ್ ಸರ್ವರು ಕೇಳಿ ನಿಂತ ಡೈರೆಕ್ಟರಿಯು ಯೂನಿಟ್ ಕಡತದಲ್ಲಿ ಒಂದೇ ಸಾಲಿನಲ್ಲಿ ಉಕ್ತವಾಗಿದೆ. ಆ ಸಾಲನ್ನು ಓದಿದವನಿಗೆ ಮಾರ್ಗ ಸುಲಭ: ಆರಂಭದ ಸ್ಕ್ರಿಪ್ಟಿನಲ್ಲಿ ಆ ಡೈರೆಕ್ಟರಿಯನ್ನು ಸೃಷ್ಟಿಸುವ ಒಂದು ಆದೇಶವನ್ನು ಬರೆದರೆ ತೀರಿತು.

ಯೂನಿಟ್ ಕಡತದಲ್ಲಿ ಸೇವೆಯನ್ನು ನಿಲ್ಲಿಸುವ ವಿಧಾನವೂ ಇರುತ್ತದೆ, ಮತ್ತು ಇದನ್ನು ಮರೆತವರು ಪಟ್ಟ ಕಷ್ಟ ಅಲ್ಪವಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯವನ್ನು ನೋಡೋಣ. ಸಿಗ್‌ಟರ್ಮ್ ಎಂಬ ಸಾಮಾನ್ಯ ನಿಲುಗಡೆಯ ಸಿಗ್ನಲ್ಲನ್ನು ಪಡೆದಾಗ ಅದು ಹೊಸ ಸಂಪರ್ಕಗಳನ್ನು ನಿರಾಕರಿಸಿ, ಇರುವ ಗ್ರಾಹಕರೆಲ್ಲ ತಾವಾಗಿ ಹೊರಡುವ ತನಕ ಕಾಯುತ್ತದೆ. ಸಿಗ್‌ಇಂಟ್ ಬಂದರೆ ನಡೆಯುತ್ತಿರುವ ವ್ಯವಹಾರಗಳನ್ನು ರದ್ದುಪಡಿಸಿ, ಕ್ರಮವಾಗಿ ಆದರೆ ಬೇಗನೆ ಮುಚ್ಚಿಕೊಳ್ಳುತ್ತದೆ. ಡೆಬಿಯನ್ನಿನ ಯೂನಿಟ್ ಕಡತವು ಈ ಎರಡನೆಯ ಶೀಘ್ರವಿಧಾನವನ್ನೇ ವಿಧಿಸಿದೆ. ಡಾಕರಾದರೋ ಬೇರೆ ಸೂಚನೆಯಿಲ್ಲದಿದ್ದರೆ ಸಿಗ್‌ಟರ್ಮನ್ನು ಕಳುಹಿಸಿ, 10 ಸೆಕೆಂಡು ಕಾದು, ಅನಂತರ ತಪ್ಪಿಸಿಕೊಳ್ಳಲಾಗದ ಸಿಗ್‌ಕಿಲ್ಲನ್ನು ಪ್ರಯೋಗಿಸುತ್ತದೆ. ಕಂಟೇನರುಗಳ ಸಮೂಹವನ್ನು ನಡೆಸುವ ಕುಬರ್ನೆಟಿಸ್ ಕಾಯುವುದು 30 ಸೆಕೆಂಡು. ಗ್ರಾಹಕನೊಬ್ಬನು ಸಂಪರ್ಕವನ್ನು ಹಿಡಿದೇ ಇದ್ದರೆ ದತ್ತಸಂಚಯವು ಅವನಿಗಾಗಿ ಕಾಯುತ್ತ ಕಾಯುತ್ತ ಹತವಾಗುತ್ತದೆ, ಮುಂದಿನ ಸಲ ಏಳುವಾಗ ಅಪಘಾತದಿಂದ ಚೇತರಿಸಿಕೊಳ್ಳುವ ವಿಧಿಯನ್ನೆಲ್ಲ ನಡೆಸಬೇಕಾಗುತ್ತದೆ. ಈ ಕಾರಣದಿಂದಲೇ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜಿನಲ್ಲಿ ನಿಲುಗಡೆಯ ಸಿಗ್ನಲ್ಲು ಸಿಗ್‌ಇಂಟ್ ಎಂದೇ ನಮೂದಾಗಿದೆ. ಜಾಲಪುಟಗಳ ಸರ್ವರಾದ ಎಂಜಿನ್‌ಎಕ್ಸಿನ ಇಮೇಜಿನಲ್ಲಿ ಅದು ಸಿಗ್‌ಕ್ವಿಟ್, ಅಂಥದೇ ಆದ ಅಪಾಚಿಯ ಇಮೇಜಿನಲ್ಲಿ ಸಿಗ್‌ವಿಂಚ್. ಒಂದೊಂದು ಪ್ರೋಗ್ರಾಮಿನ ಪ್ರಕೃತಿ ಒಂದೊಂದು. ಇನಿಟ್ ಅದನ್ನು ಯೂನಿಟ್ ಕಡತದ ಮೂಲಕ ಬಲ್ಲದಾಗಿತ್ತು. ಅದಿಲ್ಲದಲ್ಲಿ ಇಮೇಜನ್ನು ಕಟ್ಟುವವನು ಬಲ್ಲವನಾಗಬೇಕು. ಅದೇ ಪೋಸ್ಟ್‌ಗ್ರೆಸ್ ಇಮೇಜನ್ನು ರಚಿಸಿದವರು, ಡೆಬಿಯನ್ ಪ್ಯಾಕೇಜು ಸ್ಥಾಪನೆಯ ಕಾಲದಲ್ಲಿ ತಾನಾಗಿ ಒಂದು ದತ್ತಸಂಚಯವನ್ನು ಸೃಷ್ಟಿಸುವುದನ್ನು ಸಂರಚನೆಯ ಕಡತದ ಮೂಲಕ ತಡೆದು, ಆ ಕಾರ್ಯವನ್ನು ಕಂಟೇನರು ಮೊದಲ ಬಾರಿ ಓಡುವ ಗಳಿಗೆಗೆ ಮುಂದೂಡಿದ್ದಾರೆ. ಸ್ಥಾಪನೆಯ ಕಾಲದ ಕೆಲಸ ಯಾವುದು, ಆರಂಭದ ಕಾಲದ ಕೆಲಸ ಯಾವುದು ಎಂಬ ವಿವೇಚನೆಗೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಇಷ್ಟಾದರೂ ಸಿಗ್ನಲ್ಲು ಹೊರಟ ಮಾತ್ರಕ್ಕೆ ತಲುಪಿತೆಂದು ಹೇಳುವಂತಿಲ್ಲ. ಒಂದನೆಯ ಸಂಖ್ಯೆಯ ಪ್ರೋಸೆಸ್ಸಿಗೆ ಕರ್ನೆಲ್ಲು ಒಂದು ವಿಶೇಷ ರಕ್ಷಣೆಯನ್ನು ಕೊಟ್ಟಿದೆ: ಯಾವ ಸಿಗ್ನಲ್ಲಿಗೆ ಅದು ತಾನಾಗಿ ಪ್ರತಿಕ್ರಿಯೆಯನ್ನು ಸಿದ್ಧಪಡಿಸಿಕೊಂಡಿಲ್ಲವೋ ಆ ಸಿಗ್ನಲ್ಲು ಅದಕ್ಕೆ ತಾಗುವುದೇ ಇಲ್ಲ. ಯಂತ್ರಕ್ಕೆಲ್ಲ ಮೂಲವಾದ ಇನಿಟ್ ಅಕಸ್ಮಾತ್ತಾಗಿ ಸತ್ತರೆ ಕರ್ನೆಲ್ಲೇ ಕುಸಿದು ನಿಲ್ಲುವುದಾದುದರಿಂದ ಈ ರಕ್ಷಣೆ ನ್ಯಾಯವಾದುದೇ. ಆದರೆ ಕಂಟೇನರಿನ ಪ್ರತ್ಯೇಕ ಸಂಖ್ಯಾವಳಿಯಲ್ಲಿ ಒಂದನೆಯ ಸ್ಥಾನಕ್ಕೆ ಬಂದ ಸಾಧಾರಣ ಪ್ರೋಗ್ರಾಮಿಗೂ ಅದೇ ರಕ್ಷಣೆ ಲಭಿಸುತ್ತದೆ. ಹೊರಗಿನಿಂದ ಬಲಾತ್ಕಾರವಾಗಿ ತಲುಪಬಲ್ಲವು ಸಿಗ್‌ಕಿಲ್ ಮತ್ತು ಸಿಗ್‌ಸ್ಟಾಪ್ ಎರಡೇ. ಬೇರೆಡೆ ಸಿಗ್‌ಟರ್ಮ್ ಬಂದೊಡನೆ ವಿಧೇಯವಾಗಿ ಮುಗಿಯುತ್ತಿದ್ದ ಪ್ರೋಗ್ರಾಮು ಇಲ್ಲಿ ಅದನ್ನು ಕೇಳಿಸಿಕೊಳ್ಳದೆ 10 ಸೆಕೆಂಡು ಕುಳಿತು, 137 ಎಂಬ ನಿರ್ಗಮನಸಂಖ್ಯೆಯನ್ನು ಬಿಟ್ಟು ಹೋಗುತ್ತದೆ. ಸಿಗ್‌ಕಿಲ್ಲಿನ ಕ್ರಮಸಂಖ್ಯೆ ಒಂಬತ್ತಕ್ಕೆ 128 ಕೂಡಿದರೆ ಬರುವುದು ಈ 137. ಆರಂಭದ ಕೆಲಸಗಳಿಗಾಗಿ ಷೆಲ್ ಸ್ಕ್ರಿಪ್ಟೊಂದನ್ನು ಬರೆದು, ಅದರ ಕೊನೆಯಲ್ಲಿ ಸರ್ವರನ್ನು ಕರೆದು ಬಿಟ್ಟವರಿಗೆ ಇನ್ನೊಂದು ತೊಡಕು: ಆಗ ಒಂದನೆಯ ಸಂಖ್ಯೆಯಾಗಿ ಉಳಿಯುವುದು ಷೆಲ್ಲು, ಅದು ತನಗೆ ಬಂದ ಸಿಗ್ನಲ್ಲನ್ನು ತನ್ನ ಮಗುವಿಗೆ ದಾಟಿಸುವುದಿಲ್ಲ. ಕೊನೆಯ ಸಾಲಿನಲ್ಲಿ ಸರ್ವರಿನ ಹೆಸರಿಗೆ ಮುಂಚೆ 'ಎಕ್ಸೆಕ್' ಎಂಬ ಒಂದು ಪದವನ್ನಿಟ್ಟರೆ ಷೆಲ್ಲು ತನ್ನ ಸ್ಥಾನವನ್ನು ಸರ್ವರಿಗೆ ಬಿಟ್ಟುಕೊಟ್ಟು ತಾನು ಮರೆಯಾಗುತ್ತದೆ.

ಮತ್ತೊಂದು ಹೊಣೆ ಸತ್ತವರಿಗೆ ಸಂಬಂಧಿಸಿದುದು. ಪ್ರೋಸೆಸ್ಸೊಂದು ಮುಗಿದಾಗ ಅದರ ಅಂತಿಮ ಸ್ಥಿತಿಯನ್ನು ಅದರ ಜನಕಪ್ರೋಸೆಸ್ಸು ವಿಚಾರಿಸಿಕೊಳ್ಳುವವರೆಗೂ ಕರ್ನೆಲ್ಲಿನ ಪಟ್ಟಿಯಲ್ಲಿ ಅದರ ಒಂದು ನಮೂದು ಉಳಿದಿರುತ್ತದೆ. ಹೀಗೆ ಉಳಿದುದನ್ನು ಜಾಂಬಿ ಎನ್ನುತ್ತಾರೆ. ಜನಕನೇ ಮೊದಲು ಸತ್ತರೆ ಅನಾಥವಾದ ಮಗು ಒಂದನೆಯ ಸಂಖ್ಯೆಯ ಮಡಿಲಿಗೆ ಬಂದು ಬೀಳುತ್ತದೆ, ಮತ್ತು ಅದರ ಅಂತ್ಯದ ವಿಚಾರಣೆ ಆ ದತ್ತುಜನಕನ ಕರ್ತವ್ಯವಾಗುತ್ತದೆ. ನಿಜವಾದ ಇನಿಟ್ ಇದನ್ನು ಎಡೆಬಿಡದೆ ಮಾಡುತ್ತಿರುತ್ತದೆ. ಜಾಲಪುಟಗಳನ್ನು ಒದಗಿಸುವುದಕ್ಕೆಂದು ಬರೆದ ಸರ್ವರಿಗೆ, ತಾನು ಹೆರದ ಮಕ್ಕಳು ತನ್ನ ಬಳಿಗೆ ಬರುವರೆಂಬ ಕಲ್ಪನೆಯೇ ಇರುವುದಿಲ್ಲ. ಜಾಂಬಿಗಳಿಗೆ ಸ್ಮೃತಿಯ ವೆಚ್ಚ ಅತ್ಯಲ್ಪ. ಆದರೆ ಒಂದೊಂದೂ ಒಂದು ಪ್ರೋಸೆಸ್ ಸಂಖ್ಯೆಯನ್ನು ಹಿಡಿದಿರುತ್ತದೆ. ಕಂಟೇನರಿಗೆ ವಿಧಿಸಿದ ಮಿತಿಯನ್ನು ಅವು ಮುಟ್ಟಿದ ದಿನ ಹೊಸ ಪ್ರೋಸೆಸ್ಸೊಂದೂ ಹುಟ್ಟಲಾರದೆ ಸೇವೆ ಸ್ತಬ್ಧವಾಗುತ್ತದೆ. ಬ್ರೌಸರನ್ನು ತೆರೆಯಿಲ್ಲದೆ ಓಡಿಸುವ ಕಂಟೇನರುಗಳು, ಅಸಂಖ್ಯ ಉಪಕಾರ್ಯಗಳನ್ನು ಹುಟ್ಟಿಸುವ ಜೆಂಕಿನ್ಸಿನಂಥವು, ಇದಕ್ಕೆ ವಿಶೇಷವಾಗಿ ಗುರಿಯಾಗುತ್ತವೆ.

ಈ ಎರಡು ಹೊಣೆಗಳನ್ನು ಮಾತ್ರ ಹೊತ್ತುಕೊಳ್ಳುವ, ಮತ್ತೇನನ್ನೂ ಮಾಡದ ಕಿರಿಯ ಇನಿಟ್‌ಗಳು ಈ ಅನುಭವದಿಂದ ಹುಟ್ಟಿದವು. ಟೈನಿ ಎಂಬುದೊಂದು; ಯೆಲ್ಪ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಡಂಬ್-ಇನಿಟ್ ಎಂಬುದು ಇನ್ನೊಂದು. ಸಿ ಭಾಷೆಯಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಮುಗಳು ಒಂದನೆಯ ಸಂಖ್ಯೆಯ ಪೀಠದಲ್ಲಿ ಕುಳಿತು, ಬಂದ ಸಿಗ್ನಲ್ಲನ್ನು ಮಗುವಿಗೆ ದಾಟಿಸುತ್ತವೆ, ಸತ್ತವರ ನಮೂದುಗಳನ್ನು ತೆಗೆದುಹಾಕುತ್ತವೆ. 2017ರ ಜನವರಿಯ 1.13ನೆಯ ಆವೃತ್ತಿಯಿಂದ ಡಾಕರೇ ಟೈನಿಯನ್ನು ಜೊತೆಯಲ್ಲಿಟ್ಟುಕೊಂಡಿದೆ. ಕಂಟೇನರನ್ನು ಓಡಿಸುವಾಗ 'ಇನಿಟ್' ಎಂಬ ಆಯ್ಕೆಯನ್ನು ಸೇರಿಸಿದರೆ ಸಾಕು, ಇಮೇಜನ್ನು ಮುಟ್ಟಬೇಕಾಗಿಲ್ಲ. ಇಷ್ಟು ಸುಲಭವಾದ ಪರಿಹಾರವನ್ನು ಇಷ್ಟು ಮಂದಿ ಇಂದಿಗೂ ಬಳಸದಿರುವುದು ನನಗೆ ನೋವಿನ ಸಂಗತಿ.

ಉಳಿದ ಸಣ್ಣ ವಿಷಯಗಳನ್ನು ಒಟ್ಟಿಗೆ ಹೇಳಿಬಿಡಬಹುದು. ಹಳೆಯ ಕಾಲದ ಸರ್ವರುಗಳು ತಮ್ಮನ್ನು ತಾವು ಹಿನ್ನೆಲೆಗೆ ಸರಿಸಿಕೊಂಡು ಮೂಲಪ್ರೋಸೆಸ್ಸನ್ನು ಮುಗಿಸುವ ಅಭ್ಯಾಸದವು. ಕಂಟೇನರಿನಲ್ಲಿ ಮೂಲ ಮುಗಿದರೆ ಕಂಟೇನರೇ ಮುಗಿಯುವುದರಿಂದ ಅವನ್ನು ಮುನ್ನೆಲೆಯಲ್ಲಿಯೇ ನಿಲ್ಲುವಂತೆ ಹೇಳಬೇಕು. ದಾಖಲೆಗಳನ್ನು ಸ್ವೀಕರಿಸುವ ಜರ್ನಲ್ ಆಗಲಿ ಸಿಸ್‌ಲಾಗ್ ಆಗಲಿ ಅಲ್ಲಿ ಇಲ್ಲದ ಕಾರಣ, ಮಾತನ್ನೆಲ್ಲ ಸಾಮಾನ್ಯ ಹೊರಹರಿವಿಗೆ ಬರೆಯಿಸಬೇಕು. ಎಂಜಿನ್‌ಎಕ್ಸಿನ ಇಮೇಜು ತನ್ನ ದಾಖಲೆಯ ಕಡತಗಳನ್ನು ಆ ಹರಿವಿಗೂ ದೋಷಗಳ ಹರಿವಿಗೂ ಕೊಂಡಿಹಾಕಿ ಇದನ್ನು ಸಾಧಿಸಿದೆ. ಪ್ಯಾಕೇಜಿನೊಡನೆ ಬಂದ ಕ್ರಾನ್ ಕೆಲಸಗಳೂ ಟೈಮರುಗಳೂ ಕಂಟೇನರಿನಲ್ಲಿ ಎಂದಿಗೂ ಓಡವು. ಹಳೆಯ ದಾಖಲೆಗಳನ್ನು ಕತ್ತರಿಸುವುದೋ, ಪ್ರಮಾಣಪತ್ರವನ್ನು ನವೀಕರಿಸುವುದೋ ಅವುಗಳ ಕೆಲಸವಾಗಿದ್ದರೆ, ಅದನ್ನು ಹೊರಗಿನಿಂದ ಮಾಡಿಸಬೇಕು.

ಕೆಲವು ತಂತ್ರಾಂಶಗಳು ಒಂದು ಸೇವೆಯಿಂದ ಮುಗಿಯುವುದಿಲ್ಲ. ನಾಲ್ಕಾರು ಸೇವೆಗಳು ಪರಸ್ಪರ ಆಶ್ರಯಿಸಿ, ಒಂದೇ ಯಂತ್ರದಲ್ಲಿ ಕೂಡಿ ಬಾಳುವವೆಂಬ ಭಾವನೆಯಿಂದ ರಚಿತವಾದ ಪ್ಯಾಕೇಜುಗಳುಂಟು. ಅಂಥವುಗಳ ಮುಂದೆ ಮೂರು ಮಾರ್ಗಗಳಿವೆ. ಸೂಪರ್‌ವೈಸರ್ ಅಥವಾ ಎಸ್6ನಂಥ ಮೇಲ್ವಿಚಾರಕನನ್ನಿಟ್ಟು ಅವನ್ನು ನಡೆಸುವುದು ಒಂದು. ಸಿಸ್ಟಮ್‌ಸಿಟಿಎಲ್ ಆದೇಶದ ಹೆಸರನ್ನೇ ಹೊತ್ತು, ಸಿಸ್ಟಮ್‌ಡಿಯಿಲ್ಲದೆಯೂ ಯೂನಿಟ್ ಕಡತಗಳನ್ನು ಓದಿ ಸೇವೆಗಳನ್ನು ಎಬ್ಬಿಸುವ ಪೈಥಾನ್ ಸ್ಕ್ರಿಪ್ಟೊಂದನ್ನು ಮೂಲದ ಸ್ಥಾನದಲ್ಲಿಡುವುದು ಇನ್ನೊಂದು. ನಿಜವಾದ ಯಂತ್ರಗಳಿಗಾಗಿ ಬರೆದ ಸ್ಥಾಪನಾವಿಧಿಗಳನ್ನು ಕಂಟೇನರಿನಲ್ಲಿ ಪರೀಕ್ಷಿಸುವುದಕ್ಕೆ ಇದು ಉತ್ತಮವಾದ ಸಾಧನ, ಆದರೆ ವರ್ಷಾನುಗಟ್ಟಲೆ ನಡೆಯಬೇಕಾದ ಸೇವೆಯನ್ನು ಅದರ ಮೇಲೆ ನಿಲ್ಲಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೂರನೆಯದು, ಕಂಟೇನರಿನಲ್ಲಿ ಸಿಸ್ಟಮ್‌ಡಿಯನ್ನೇ ಒಂದನೆಯ ಸಂಖ್ಯೆಯಾಗಿ ಪ್ರತಿಷ್ಠಾಪಿಸುವುದು. ಎಲ್‌ಎಕ್ಸ್‌ಸಿ ಎಂಬ ಕಂಟೇನರ್ ವ್ಯವಸ್ಥೆಯಲ್ಲಿ ಇನಿಟ್ಟನ್ನು ಹೀಗೆ ಕೂರಿಸುವುದು ಮೊದಲಿನಿಂದಲೂ ಸಹಜವಾದ ಕ್ರಮ. ಡಾಕರಿನಂಥದೇ ಆದ ಪಾಡ್‌ಮನ್ ಕೂಡ, ಓಡಿಸಬೇಕಾದ ಪ್ರೋಗ್ರಾಮು ಸಿಸ್ಟಮ್‌ಡಿಯೆಂದು ಕಂಡೊಡನೆ, ಅದಕ್ಕೆ ಬೇಕಾದ ತಾತ್ಕಾಲಿಕ ಡೈರೆಕ್ಟರಿಗಳನ್ನೂ ಸಿಗ್ರೂಪಿನ ಪ್ರವೇಶವನ್ನೂ ತಕ್ಕ ನಿಲುಗಡೆಯ ಸಿಗ್ನಲ್ಲನ್ನೂ ತಾನಾಗಿ ಅಣಿಮಾಡುತ್ತದೆ. ಕಂಟೇನರಿನಲ್ಲಿ ಇನಿಟ್ ಇರಕೂಡದೆಂಬುದನ್ನು ಧರ್ಮಶಾಸ್ತ್ರದ ವಿಧಿಯಂತೆ ಹಿಡಿದವರು ಇದನ್ನು ಕಂಡು ಮುಖ ತಿರುಗಿಸುತ್ತಾರೆ. ನಾನು ಅವರ ಪಕ್ಷದವನಲ್ಲ. ಹತ್ತು ಸೇವೆಗಳ ಪ್ಯಾಕೇಜಿಗೆ ನೂರಾರು ಸಾಲಿನ ಷೆಲ್ ಸ್ಕ್ರಿಪ್ಟನ್ನು ಹೊಸೆದು, ಅಪೂರ್ಣವೂ ಅಪರೀಕ್ಷಿತವೂ ಆದ ಇನ್ನೊಂದು ಇನಿಟ್ಟನ್ನು ಕೈಯಿಂದ ಕಟ್ಟುವುದಕ್ಕಿಂತ, ಪರೀಕ್ಷಿತವಾದುದನ್ನು ತಂದಿಡುವುದು ಪ್ರಾಮಾಣಿಕವಾದ ಮಾರ್ಗ.

ಒಂದನ್ನು ಮಾತ್ರ ಯಾವ ಮಾರ್ಗದಲ್ಲಿಯೂ ಒಪ್ಪಲಾಗದು. ಸ್ಥಾಪನೆಯ ಸ್ಕ್ರಿಪ್ಟು ದೋಷವನ್ನು ಸಾರಿದಾಗ, ಅದು ಏನೆಂದು ಓದದೆ, ದೋಷವಿದ್ದರೂ ಮುಂದುವರಿಯೆಂದು ಆದೇಶದ ಬಾಲಕ್ಕೆ ಒಂದು ಅಪವಾದವನ್ನು ಕಟ್ಟಿ ಇಮೇಜನ್ನು ಕಟ್ಟಿಮುಗಿಸುವ ಅಭ್ಯಾಸ ಎಲ್ಲೆಡೆಯೂ ಹಬ್ಬಿದೆ. ಆ ದೋಷವು, ಇನಿಟ್ ಹೋದ ಮೇಲೆ ಅದರ ಹೊಣೆಯೊಂದು ಯಾರಿಗೂ ಸೇರದೆ ಉಳಿದಿದೆಯೆಂಬ ಸುದ್ದಿ. ಅದನ್ನು ಅಡಗಿಸಿದವನು ಹೊಣೆಯನ್ನು ನಿವಾರಿಸಲಿಲ್ಲ. ಅದು ತಲೆಯೆತ್ತುವ ಕಾಲವನ್ನು, ಇಮೇಜು ಕಟ್ಟುವ ಹಗಲಿನಿಂದ ಸೇವೆ ಬೀಳುವ ರಾತ್ರಿಗೆ ಮುಂದೂಡಿದನು, ಅಷ್ಟೆ.

ಬೆಂಗಳೂರಿನ ಕಚೇರಿಗಳಲ್ಲಿಯೂ, ನಾಡಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ನಿತ್ಯ ಕಂಟೇನರುಗಳನ್ನು ಕಟ್ಟುತ್ತಿರುವ ಕನ್ನಡದ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ನೀವು ಓಡಿಸುತ್ತಿರುವ ಕಂಟೇನರೊಂದನ್ನು ಹೊಕ್ಕು, 'ಪ್ರಾಕ್' ಡೈರೆಕ್ಟರಿಯಲ್ಲಿ ಒಂದು ಎಂಬ ಅಂಕೆಯ ಹೆಸರಿನ ಉಪಡೈರೆಕ್ಟರಿಯೊಳಗಿರುವ 'ಕಾಮ್' ಎಂಬ ಕಡತವನ್ನು ಓದಿರಿ. ಒಂದನೆಯ ಸಂಖ್ಯೆಯಲ್ಲಿ ಕುಳಿತಿರುವುದು ಯಾರೆಂದು ಅದು ಒಂದೇ ಪದದಲ್ಲಿ ಹೇಳುತ್ತದೆ. ಅಲ್ಲಿ ಷೆಲ್ಲಿನ ಹೆಸರಿದ್ದರೆ ನಿಮ್ಮ ಆರಂಭದ ಸ್ಕ್ರಿಪ್ಟಿನ ಕೊನೆಯ ಸಾಲನ್ನು ತಿದ್ದಿರಿ. ಮಕ್ಕಳನ್ನು ಹುಟ್ಟಿಸುವ ಸರ್ವರಿದ್ದರೆ ಅದರ ಮೇಲೆ ಟೈನಿಯನ್ನಿಡಿರಿ. ಅನಂತರ ಪ್ಯಾಕೇಜಿನ ಯೂನಿಟ್ ಕಡತವನ್ನು ತೆರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿರಿ.